ಮಳೆಗಾಲದಲ್ಲಿ ಖಾಲಿಯಾಗುವ ಬಿಸಿಲು: ವಿಟಮಿನ್ ಡಿ ಮತ್ತು ಮೈಯ ಕಾವಲು

ಅಮ್ಮನ ರಿಪೋರ್ಟಿನಲ್ಲಿ 9 ಅಂತ ಇತ್ತು. ಪಕ್ಕದಲ್ಲೇ ದಪ್ಪ ಅಕ್ಷರದಲ್ಲಿ ಕೊರತೆ ಎಂದು ಅಚ್ಚಾಗಿತ್ತು.

ನಮ್ಮ ಮನೆ ಮೂಡಿಗೆರೆ ಕಡೆ. ಆ ವರ್ಷದ ಮಳೆಗಾಲದಲ್ಲಿ ಅಮ್ಮನಿಗೆ ಮೂರು ಸಲ ನೆಗಡಿ ಕೆಮ್ಮು ಬಂದು ಹೋಗಿತ್ತು. ಒಂದು ಬಿಟ್ಟಿತು ಅನ್ನುವಷ್ಟರಲ್ಲಿ ಇನ್ನೊಂದು ಹಿಡಿಯುತ್ತಿತ್ತು. ಸೊಂಟ, ತೊಡೆ ನೋವು ಬೇರೆ. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದುಕೊಳ್ಳುತ್ತಿದ್ದಳು. ಸೆಪ್ಟೆಂಬರಿನಲ್ಲಿ ಚಿಕ್ಕಮಗಳೂರಿಗೆ ಕರೆದುಕೊಂಡು ಹೋಗಿ ತೋರಿಸಿದಾಗ ಡಾಕ್ಟರು ಬರೆದುಕೊಟ್ಟ ಪರೀಕ್ಷೆಗಳಲ್ಲಿ ವಿಟಮಿನ್ ಡಿ ಕೂಡ ಒಂದು. ರಿಪೋರ್ಟು ನೋಡಿ ಅಮ್ಮ ಕೇಳಿದ್ದು ಒಂದೇ ಮಾತು. "ದಿನಾ ತೋಟದಲ್ಲೇ ಇರ್ತೀನಲ್ಲೋ. ನಂಗೆ ಬಿಸಿಲು ಸಾಲದು ಅಂದ್ರೆ ಯಾರಾದ್ರೂ ನಂಬ್ತಾರಾ?"

ಒಳ್ಳೆ ಪ್ರಶ್ನೆ. ನಾನು ಈ ವಿಷಯದ ಬೆನ್ನು ಹತ್ತಿದ್ದೇ ಆ ಪ್ರಶ್ನೆಯಿಂದ. ಹಾಸನ, ಚಿಕ್ಕಮಗಳೂರು ಇರುವುದು ಭೂಮಧ್ಯರೇಖೆಯಿಂದ ಬರೀ 13 ಡಿಗ್ರಿ ಮೇಲೆ. ನಾರ್ವೆಯಲ್ಲೋ ಇಂಗ್ಲೆಂಡಿನಲ್ಲೋ ಬಿಸಿಲಿಗೆ ಬರ ಇರಬಹುದು. ನಮಗೇನು?

ಬಿಸಿಲು ಅಂದರೆ ಎಲ್ಲ ಬಿಸಿಲೂ ಒಂದೇ ಅಲ್ಲ. ನಮ್ಮ ಚರ್ಮದಲ್ಲಿ ಕೊಲೆಸ್ಟರಾಲಿಗೆ ಹತ್ತಿರದ ಒಂದು ಕೊಬ್ಬಿನ ವಸ್ತು ಇದೆ. ಸೂರ್ಯನ ನೇರಳಾತೀತ ಕಿರಣಗಳಲ್ಲಿ ಬಿ ಎನ್ನುವ ಗುಂಪಿನ ಕಿರಣ ಅದಕ್ಕೆ ತಾಗಿದಾಗ ಮಾತ್ರ ಅದು ವಿಟಮಿನ್ ಡಿ ಆಗುವ ದಾರಿ ಹಿಡಿಯುತ್ತದೆ. ಈ ಬಿ ಕಿರಣ ತುಂಬಾ ನಾಜೂಕು. ಸೂರ್ಯ ಓರೆಯಾಗಿದ್ದಾಗ ಅದು ಹೆಚ್ಚು ಗಾಳಿಯನ್ನು ದಾಟಿ ಬರಬೇಕು. ದಾಟುವಷ್ಟರಲ್ಲಿ ಬಹುಪಾಲನ್ನು ಓಜೋನ್ ಪದರವೇ ಹೀರಿಕೊಂಡುಬಿಡುತ್ತದೆ. ಕಿಟಕಿಯ ಗಾಜನ್ನಂತೂ ದಾಟುವುದೇ ಇಲ್ಲ ಎನ್ನಬಹುದು.

ಹಾಗಾಗಿ ಎಳೆ ಬಿಸಿಲಿನ ವಿಷಯದಲ್ಲಿ ನಾವು ನಂಬಿಕೊಂಡು ಬಂದದ್ದನ್ನು ಸ್ವಲ್ಪ ತಿದ್ದಿಕೊಳ್ಳಬೇಕು. ಬೆಳಿಗ್ಗೆ ಏಳು ಗಂಟೆಯ ಬಿಸಿಲು ಮೈಗೆ ಹಿತ, ಮನಸ್ಸಿಗೂ ಹಿತ. ಅದರಲ್ಲಿ ವಿಟಮಿನ್ ಡಿ ಮಾಡುವ ಕಿರಣ ಮಾತ್ರ ತೀರಾ ಕಡಿಮೆ. ಹೆಚ್ಚು ಕಮ್ಮಿ ಚಿಕ್ಕಮಗಳೂರಿನ ಅಕ್ಷಾಂಶದಲ್ಲೇ ಇರುವ ತಿರುಪತಿಯಲ್ಲಿ ಇದನ್ನು ಅಳೆದು ನೋಡಿದ್ದಾರೆ. ಅಲ್ಲಿ ಸಿಕ್ಕ ಒಳ್ಳೆ ಹೊತ್ತು ಹಗಲು 11ರಿಂದ 2. ಗಡಿಯಾರವೂ ಬೇಡ, ನಿಮ್ಮ ನೆರಳು ನೋಡಿಕೊಂಡರೆ ಸಾಕು. ನೆರಳು ನಿಮಗಿಂತ ಉದ್ದ ಇದ್ದರೆ ಡಿ ಹುಟ್ಟುವುದು ಕಡಿಮೆ. ನಿಮಗಿಂತ ಗಿಡ್ಡ ಇದ್ದರೆ ಅದು ಕೆಲಸಕ್ಕೆ ಬರುವ ಬಿಸಿಲು.

ಈ ಲೆಕ್ಕದಲ್ಲಿ ನಮ್ಮ ಊರುಗಳು ಅದೃಷ್ಟವಂತ ಊರುಗಳು. ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಬೀಳುವುದಿಲ್ಲ. ಏಪ್ರಿಲಿನದನ್ನು ಎಲ್ಲರೂ ನೋಡಬಹುದು. ಆಗಸ್ಟಿನದನ್ನು ಮಲೆನಾಡಿನಲ್ಲಿ ಕಂಡವರು ಎಷ್ಟು ಜನ? ಅದು ಮಘೆ ಮಳೆಯ ಹೊತ್ತು. ಮೇಲೆ ಸೂರ್ಯ ವರ್ಷದಲ್ಲೇ ಅತಿ ನೇರವಾಗಿ ನಿಂತಿರುತ್ತಾನೆ, ಕೆಳಗೆ ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಮೋಡದಡಿ ಕೂತಿರುತ್ತವೆ. ತೆಳು ಮೋಡದಲ್ಲಿ ಸ್ವಲ್ಪ ಕಿರಣ ಇಳಿಯುತ್ತದೆ. ದಟ್ಟ ಮೋಡ ಅರ್ಧಕ್ಕಿಂತ ಜಾಸ್ತಿ ತಡೆದುಬಿಡಬಹುದು. ಆರಿದ್ರಾದಿಂದ ಹಿಡಿದು ಮಘೆ ಮುಗಿಯುವ ತನಕ ಎರಡು ತಿಂಗಳ ಮೇಲಾಯಿತು, ಅಲ್ವಾ.

ಇನ್ನು ಅಮ್ಮ ಇರುವುದು ಕಾಫಿ ತೋಟದಲ್ಲಿ. ಕಾಫಿಗೆ ನೆರಳು ಬೇಕೇ ಬೇಕು. ಸಿಲ್ವರ್ ಓಕ್, ಹಲಸು, ಅತ್ತಿ, ಅವುಗಳ ಮೈಗೆ ಹಬ್ಬಿದ ಮೆಣಸಿನ ಬಳ್ಳಿ. ಮಧ್ಯಾಹ್ನ ಹನ್ನೆರಡಕ್ಕೂ ನೆಲದ ಮೇಲೆ ಬೀಳುವುದು ಚುಕ್ಕಿ ಚುಕ್ಕಿ ಬೆಳಕು. ಸೀರೆಯ ಮೇಲೆ ಅಪ್ಪನ ಹಳೇ ತುಂಬು ತೋಳಿನ ಅಂಗಿ, ತಲೆಗೆ ಬಟ್ಟೆ, ಮಳೆಗಾಲವಾದರೆ ಮೇಲೊಂದು ಪ್ಲಾಸ್ಟಿಕ್ ಕೊಪ್ಪೆ. ಇಂಬಳದಿಂದ ತಪ್ಪಿಸಿಕೊಳ್ಳಲು ಕಾಲಿಗೂ ಕಾಲುಚೀಲ. ಹೊರಗೆ ಇದ್ದದ್ದು ಮುಖ ಮತ್ತು ಎರಡು ಅಂಗೈ ಮಾತ್ರ. ಅದರ ಜೊತೆಗೆ ನಮ್ಮ ಕಪ್ಪು, ಗೋಧಿ ಬಣ್ಣದ ಚರ್ಮದ ಮೆಲನಿನ್. ಅದು ಸುಡುವ ಬಿಸಿಲಿನಿಂದ ನಮ್ಮನ್ನು ಕಾಪಾಡುತ್ತದೆ, ಆದರೆ ಅದೇ ಕಾರಣಕ್ಕೆ ಡಿ ತಯಾರಾಗಲು ಬಿಳಿಯರಿಗಿಂತ ಜಾಸ್ತಿ ಹೊತ್ತು ಬೇಕು. ವಯಸ್ಸಾದಂತೆ ಚರ್ಮದಲ್ಲಿನ ಕಚ್ಚಾ ವಸ್ತುವೂ ಇಳಿಯುತ್ತದೆ. ಅಮ್ಮನಿಗೆ ಆಗ 64.

ಇಷ್ಟು ಸೇರಿಸಿ ನೋಡಿದ ಮೇಲೆ 9 ನನಗೆ ಆಶ್ಚರ್ಯದ ಸಂಖ್ಯೆಯಾಗಿ ಉಳಿಯಲಿಲ್ಲ. ಬಯಲು ಸೀಮೆಯವರು ಇದರಿಂದ ಪಾರು ಅಂತಲೂ ಅಲ್ಲ. ಅರಸೀಕೆರೆ, ಕಡೂರಿನಲ್ಲಿ ಬಿಸಿಲು ಧಾರಾಳವಾಗಿದೆ. ಆದರೆ ಬೆಳಿಗ್ಗೆ ಒಂಬತ್ತಕ್ಕೆ ಆಫೀಸು, ಶಾಲೆ, ಗಾರ್ಮೆಂಟ್ಸ್ ಒಳಗೆ ಹೋಗಿ ಸಂಜೆ ಐದಕ್ಕೆ ಹೊರಬರುವವರಿಗೆ ಆ ಬಿಸಿಲು ಇದ್ದೂ ಇಲ್ಲ.

ಚರ್ಮದಿಂದ ರಕ್ತಕ್ಕೆ

ಡಿ ಹೆಸರಿಗೆ ವಿಟಮಿನ್. ಎ, ಬಿ, ಸಿ ಆದ ಮೇಲೆ ಸಿಕ್ಕಿದ್ದರಿಂದ 1922ರಲ್ಲಿ ಅಮೆರಿಕದ ಎಲ್ಮರ್ ಮೆಕಾಲಮ್ ಅದಕ್ಕೆ ನಾಲ್ಕನೇ ಅಕ್ಷರ ಕೊಟ್ಟರು. ಮಕ್ಕಳ ಮೂಳೆ ಮೆತ್ತಗಾಗಿ ಕಾಲು ಬಿಲ್ಲಿನಂತೆ ಬಾಗುವ ರಿಕೆಟ್ಸ್ ಕಾಯಿಲೆಯನ್ನು ಮೀನೆಣ್ಣೆಯಲ್ಲಿನ ಯಾವ ವಸ್ತು ವಾಸಿ ಮಾಡುತ್ತದೆ ಎಂದು ಹುಡುಕುತ್ತಿದ್ದಾಗ ಸಿಕ್ಕಿದ್ದು ಅದು. ಆದರೆ ಕೆಲಸ ನೋಡಿದರೆ ಅದು ಹಾರ್ಮೋನಿನ ಜಾತಿ. ನಮ್ಮ ಮೈಯೇ ಅದನ್ನು ಮಾಡಿಕೊಳ್ಳುತ್ತದೆ, ರಕ್ತದಲ್ಲಿ ಕಳಿಸುತ್ತದೆ, ದೂರದ ಅಂಗಗಳಿಗೆ ಹೀಗೆ ಮಾಡು ಎಂದು ಹೇಳುತ್ತದೆ.

ಚರ್ಮದಲ್ಲಿ ಹುಟ್ಟಿದ ಡಿ ನೇರವಾಗಿ ಕೆಲಸಕ್ಕೆ ಬರುವುದಿಲ್ಲ. ಕಾಫಿಯನ್ನೇ ನೆನಪಿಸಿಕೊಳ್ಳಿ. ಗಿಡದಿಂದ ಕೊಯ್ದ ಹಣ್ಣನ್ನು ಯಾರೂ ಲೋಟಕ್ಕೆ ಹಾಕಿ ಕುಡಿಯುವುದಿಲ್ಲ. ಪಲ್ಪರಿಗೆ ಹಾಕಿ ಸಿಪ್ಪೆ ಸುಲಿದು, ಕಣದಲ್ಲಿ ಒಣಗಿಸಿ, ಒಳಹೊಟ್ಟು ಇರುವ ಬೀಜ, ಅಂದರೆ ಪಾರ್ಚ್‌ಮೆಂಟ್ ಮಾಡಿ ಗೋಡೌನಿನಲ್ಲಿ ಇಡುತ್ತೇವೆ. ಆಮೇಲೆ ಹೊಟ್ಟು ತೆಗೆಯುವ ಕ್ಯೂರಿಂಗ್ ಆಗಿ, ಬೇಕಾದಾಗ ಬೇಕಾದಷ್ಟು ಹುರಿದು ಪುಡಿ ಮಾಡಿದರೆ ಕಾಫಿ. ಡಿ ಕೂಡ ಹೀಗೇ. ಪಿತ್ತಜನಕಾಂಗ, ಅಂದರೆ ಲಿವರ್, ಅದನ್ನು ಪಾರ್ಚ್‌ಮೆಂಟಿನ ಹಂತಕ್ಕೆ ತರುತ್ತದೆ. ರಕ್ತದಲ್ಲಿ ಓಡಾಡುವ ದಾಸ್ತಾನು ಇದೇ. ರಿಪೋರ್ಟಿನಲ್ಲಿ 25-ಹೈಡ್ರಾಕ್ಸಿ ವಿಟಮಿನ್ ಡಿ ಅಂತ ಬರೆದು ಅಳೆಯುವುದೂ ಇದನ್ನೇ. ಹುರಿಯುವ ಕೆಲಸ ಕಿಡ್ನಿಯದು. ಕಿಡ್ನಿ ಹುರಿದು ಕೊಟ್ಟ ಡಿ ಕರುಳಿಗೆ ಹೋಗಿ, ಊಟದಲ್ಲಿನ ಕ್ಯಾಲ್ಸಿಯಂ ಹೀರಿಕೋ ಎನ್ನುತ್ತದೆ.

ಇಲ್ಲಿ ಹಾಸನದವರಿಗೆ ಒಂದು ಮಾತು. ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಇದೆ. ದಿನಾ ಮುದ್ದೆ ಉಣ್ಣುವ ನಮಗೆ ಮೂಳೆ ಸವೆತ ಯಾಕೆ ಅಂತ ಜನ ಕೇಳುತ್ತಾರೆ. ಡಿ ಸಾಕಷ್ಟಿಲ್ಲದಿದ್ದರೆ ಕರುಳು ಆ ಕ್ಯಾಲ್ಸಿಯಂನಲ್ಲಿ ನೂರಕ್ಕೆ ಹತ್ತು ಹದಿನೈದು ಪಾಲು ಮಾತ್ರ ಒಳಗೆ ತೆಗೆದುಕೊಂಡು ಉಳಿದದ್ದನ್ನು ಹೊರಗೆ ಬಿಟ್ಟುಬಿಡುತ್ತದೆ. ಡಿ ಇದ್ದರೆ ಮೂವತ್ತು ನಲವತ್ತು ಪಾಲಿನವರೆಗೂ ಒಳಗೆ ಹೋಗುತ್ತದೆ. ಒಳಗೆ ಬಾರದ ಕ್ಯಾಲ್ಸಿಯಂ ಅನ್ನು ಮೈ ಮೂಳೆಯಿಂದ ಕಿತ್ತುಕೊಳ್ಳುತ್ತದೆ. ಅಮ್ಮನ ಸೊಂಟ, ತೊಡೆ ನೋವಿನ ಹಿಂದೆ ಇದ್ದದ್ದು ಇದೇ ಎಂದು ಡಾಕ್ಟರು ಹೇಳಿದರು.

ರಕ್ತದಲ್ಲಿನ ಆ ದಾಸ್ತಾನು ಬಹಳ ಕಾಲ ಬಾಳುವುದಿಲ್ಲ. ಎರಡು ಮೂರು ವಾರದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಕೊಬ್ಬಿನಲ್ಲಿ ಅಡಗಿರುವ ಸ್ವಲ್ಪ ಡಿ ಹೊರಬಂದು ಇಳಿತವನ್ನು ನಿಧಾನ ಮಾಡುತ್ತದೆ ನಿಜ. ಆದರೂ ಹೊಸ ಸರಕು ಬರದಿದ್ದರೆ ಗೋಡೌನು ಖಾಲಿಯಾಗಲೇಬೇಕು. ಮೇ ತಿಂಗಳಲ್ಲೇ ಅರೆಬರೆ ತುಂಬಿದ್ದವರ ಗತಿ ಸೆಪ್ಟೆಂಬರಿನಲ್ಲಿ ಏನಾಗಬಹುದು ಅಂತ ನೀವೇ ಊಹಿಸಿ.

ಕಾವಲುಗಾರರ ಸ್ವಂತ ಒಲೆ

ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಈ ಭಾಗ. ಬಹಳ ಕಾಲ ಡಿ ಅಂದರೆ ಮೂಳೆ, ಅಷ್ಟೇ ಎಂದು ತಿಳಿದಿದ್ದರು. ಆಮೇಲೆ ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳನ್ನು ನೋಡಿದರೆ, ಅವುಗಳೊಳಗೂ ಡಿ ಬಂದು ಕೂರುವ ಜಾಗ ಇತ್ತು. ಅಷ್ಟೇ ಅಲ್ಲ, ಹುರಿಯುವ ಒಲೆಯೂ ಇತ್ತು. ಕಿಡ್ನಿ ಹುರಿದು ಕಳಿಸಲಿ ಎಂದು ಅವು ಕಾಯುವುದಿಲ್ಲ. ರಕ್ತದಿಂದ ಪಾರ್ಚ್‌ಮೆಂಟ್ ಎತ್ತಿಕೊಂಡು ತಮಗೆ ಬೇಕಾದಷ್ಟನ್ನು ತಾವೇ ಹುರಿದುಕೊಳ್ಳುತ್ತವೆ.

2006ರಲ್ಲಿ ಲಾಸ್ ಏಂಜಲೀಸಿನ ವಿಜ್ಞಾನಿಗಳ ತಂಡ ಇದನ್ನು ಕ್ಷಯದ ಬ್ಯಾಕ್ಟೀರಿಯಾ ಇಟ್ಟುಕೊಂಡು ತೋರಿಸಿತು. ನಮ್ಮ ಮೈಯಲ್ಲಿ ಮ್ಯಾಕ್ರೋಫೇಜ್ ಎನ್ನುವ ದೊಡ್ಡ ಕಣಗಳಿವೆ. ಒಳಗೆ ಬಂದ ಬ್ಯಾಕ್ಟೀರಿಯಾವನ್ನು ನುಂಗುವುದು ಅವುಗಳ ಕೆಲಸ. ಶತ್ರುವಿನ ಗುರುತು ಸಿಕ್ಕಿದ ಕೂಡಲೇ ಈ ಕಣ ಒಲೆ ಹೊತ್ತಿಸುತ್ತದೆ. ಡಿ ಹುರಿದುಕೊಳ್ಳುತ್ತದೆ. ಆ ಡಿ ಹೋಗಿ ಕ್ಯಾಥೆಲಿಸಿಡಿನ್ ಎನ್ನುವ ಪುಟ್ಟ ಪ್ರೋಟೀನ್ ತಯಾರಿಸುವ ಜೀನನ್ನು ಎಬ್ಬಿಸುತ್ತದೆ. ಕ್ಯಾಥೆಲಿಸಿಡಿನ್ ಬ್ಯಾಕ್ಟೀರಿಯಾದ ಹೊರಪದರಕ್ಕೆ ತೂತು ಹಾಕುತ್ತದೆ. ನಮ್ಮ ಮೈಯೇ ಮಾಡಿಕೊಳ್ಳುವ ಆಂಟಿಬಯಾಟಿಕ್ ಅಂತ ಇಟ್ಟುಕೊಳ್ಳಿ. ಡಿ ಕಡಿಮೆ ಇರುವ ರಕ್ತದ ದ್ರವದಲ್ಲಿ ಈ ಕಣಗಳನ್ನು ಇಟ್ಟಾಗ ಕ್ಯಾಥೆಲಿಸಿಡಿನ್ ಕೂಡ ಕಡಿಮೆ ಬಂತು. ಡಿ ಸೇರಿಸಿದಾಗ ಮತ್ತೆ ಏರಿತು. ಒಲೆ ಉರಿಯುತ್ತಿದೆ, ಬಾಣಲೆ ಕಾದಿದೆ, ಹುರಿಯಲು ಕಾಳಿಲ್ಲ. ಕೊರತೆ ಅಂದರೆ ಆ ಕಣದ ಪಾಲಿಗೆ ಇದೇ.

ಇದನ್ನು ಓದುವಾಗ ಹಳೇ ಕಾಲದ ಕ್ಷಯದ ಚಿಕಿತ್ಸೆ ನೆನಪಾಗುತ್ತದೆ. ಔಷಧಿ ಇಲ್ಲದ ಕಾಲದಲ್ಲಿ ಕ್ಷಯ ರೋಗಿಗಳನ್ನು ಬೆಟ್ಟದ ಆಸ್ಪತ್ರೆಗಳಿಗೆ ಕಳಿಸಿ ಬಿಸಿಲಿನಲ್ಲಿ ಮಲಗಿಸುತ್ತಿದ್ದರು. ಚರ್ಮದ ಕ್ಷಯಕ್ಕೆ ಬೆಳಕಿನ ಚಿಕಿತ್ಸೆ ಕೊಟ್ಟ ಡೆನ್ಮಾರ್ಕಿನ ನೀಲ್ಸ್ ಫಿನ್ಸನ್ ಅವರಿಗೆ 1903ರಲ್ಲಿ ನೊಬೆಲ್ ಬಂತು. ಹಾಗಾದರೆ ಡಿ ಕೊಟ್ಟರೆ ಕ್ಷಯ ತಡೆಯಬಹುದಾ? ನಾನೂ ಹಾಗೇ ಆಸೆ ಪಟ್ಟಿದ್ದೆ. ಮಂಗೋಲಿಯಾದಲ್ಲಿ ಎಂಟು ಸಾವಿರಕ್ಕೂ ಜಾಸ್ತಿ ಶಾಲಾ ಮಕ್ಕಳನ್ನು ಎರಡು ಗುಂಪು ಮಾಡಿ ಮೂರು ವರ್ಷ ನೋಡಿದರು. ಒಂದು ಗುಂಪಿಗೆ ವಾರ ವಾರ ಡಿ, ಇನ್ನೊಂದಕ್ಕೆ ಸತ್ವ ಇಲ್ಲದ ಮಾತ್ರೆ. ಆ ಮಕ್ಕಳಲ್ಲಿ ಬಹುತೇಕರಿಗೆ ಕೊರತೆ ಇತ್ತು. 2020ರಲ್ಲಿ ಫಲಿತಾಂಶ ಬಂತು. ಕ್ಷಯದ ಸೋಂಕು ಎರಡೂ ಗುಂಪಿನಲ್ಲಿ ಹೆಚ್ಚು ಕಮ್ಮಿ ಒಂದೇ ಆಗಿತ್ತು. ಗಾಜಿನ ತಟ್ಟೆಯಲ್ಲಿ ಕಂಡದ್ದು ಮನುಷ್ಯರಲ್ಲಿ ಹಾಗೇ ಕಾಣಬೇಕು ಅಂತೇನಿಲ್ಲ. ಕಾವಲಿನ ಕೆಲಸದಲ್ಲಿ ಡಿ ಒಬ್ಬ ಆಳು, ಇಡೀ ಪಡೆ ಅಲ್ಲ.

ಡಿಗೆ ಇನ್ನೊಂದು ಕೆಲಸವೂ ಇದೆ. ಜನ ಇದನ್ನು ಮಾತಾಡುವುದು ಕಡಿಮೆ. ಮನೆ ಕಾಯುವ ನಾಯಿ ಕಳ್ಳನಿಗೆ ಬೊಗಳಬೇಕು. ಮನೆಯವರ ಮೇಲೇ ಎರಗಿದರೆ? ರೋಗನಿರೋಧಕ ಕಣಗಳು ನಮ್ಮದೇ ಕೀಲು, ಚರ್ಮ, ಥೈರಾಯ್ಡ್ ಮೇಲೆ ಬೀಳುವ ಕಾಯಿಲೆಗಳಿವೆ. ರುಮಟಾಯ್ಡ್ ಸಂಧಿವಾತ, ಸೋರಿಯಾಸಿಸ್ ಅಂಥವು. ಡಿ ಈ ಕಣಗಳ ಆವೇಶವನ್ನು ತಗ್ಗಿಸಿ ಹದದಲ್ಲಿ ಇಡುತ್ತದೆ. ಅಮೆರಿಕದಲ್ಲಿ ಸುಮಾರು 26 ಸಾವಿರ ಜನರ ಮೇಲೆ ಐದು ವರ್ಷ ನಡೆದ ವೈಟಲ್ ಎಂಬ ಅಧ್ಯಯನದಲ್ಲಿ, ದಿನಕ್ಕೆ 2000 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ) ಡಿ ತೆಗೆದುಕೊಂಡವರಲ್ಲಿ ಇಂಥ ಹೊಸ ಕಾಯಿಲೆಗಳು 22 ಶೇಕಡಾ ಕಡಿಮೆ ಕಂಡವು. 2022ರಲ್ಲಿ ಇದು ಪ್ರಕಟವಾಯಿತು. ನನಗೆ ನೆಗಡಿಯ ಮಾತಿಗಿಂತ ಇದೇ ಭರವಸೆ ಕೊಡುವ ಸುದ್ದಿ ಅನ್ನಿಸಿದೆ.

ನೆಗಡಿಯ ಮಾತಿಗೆ ಬಂದರೆ ಕತೆ ಹಿಂದೆ ಮುಂದೆ ಆಗಿದೆ. 2017ರಲ್ಲಿ 25 ಅಧ್ಯಯನಗಳನ್ನು, ಸುಮಾರು 11 ಸಾವಿರ ಜನರ ಲೆಕ್ಕವನ್ನು ಒಟ್ಟು ಸೇರಿಸಿ ನೋಡಿದರು. ಡಿ ತೆಗೆದುಕೊಂಡವರಿಗೆ ನೆಗಡಿ, ಫ್ಲೂ, ಎದೆಯ ಸೋಂಕು ಸ್ವಲ್ಪ ಕಡಿಮೆ. ಅದರಲ್ಲೂ ಕೊರತೆ ತೀವ್ರವಾಗಿದ್ದು, ದಿನಾ ಇಲ್ಲವೇ ವಾರಕ್ಕೊಮ್ಮೆ ಸಣ್ಣ ಪ್ರಮಾಣದಲ್ಲಿ ತೆಗೆದುಕೊಂಡವರಿಗೆ ಲಾಭ ಎದ್ದು ಕಂಡಿತ್ತು. ಒಮ್ಮೆಲೇ ದೊಡ್ಡ ಪ್ರಮಾಣ ನುಂಗಿದವರಿಗೆ ಲಾಭ ಇರಲಿಲ್ಲ. 2025ರಲ್ಲಿ 46 ಅಧ್ಯಯನಗಳನ್ನು ಸೇರಿಸಿ ಮತ್ತೆ ಲೆಕ್ಕ ಹಾಕಿದಾಗ ಆ ಲಾಭ ಕರಗಿ, ಆಕಸ್ಮಿಕವೋ ನಿಜವೋ ಹೇಳಲಾಗದಷ್ಟು ಚಿಕ್ಕದಾಯಿತು. ಕೋವಿಡ್ ಹೊತ್ತಿನಲ್ಲಿ ಬ್ರೆಜಿಲಿನ ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಒಂದೇ ಸಲಕ್ಕೆ 2 ಲಕ್ಷ ಐಯು ಕೊಟ್ಟು ನೋಡಿದ್ದರು. ಅವರು ಬೇಗ ಮನೆಗೆ ಹೋಗಲಿಲ್ಲ.

ಹಾಗಾಗಿ ಅಮ್ಮನ ಮೂರು ನೆಗಡಿಗೆ ಡಿಯೇ ಕಾರಣ ಎಂದು ನಾನು ಹೇಳಲಾರೆ. ಮಳೆಗಾಲದಲ್ಲಿ ಕಿಟಕಿ ಬಾಗಿಲು ಮುಚ್ಚಿ ಎಲ್ಲರೂ ಒಲೆ ಮುಂದೆ ಕೂತರೆ ಒಬ್ಬರ ನೆಗಡಿ ಮನೆಯವರಿಗೆಲ್ಲ ಬರುತ್ತದೆ. ಆದರೆ ಕಾವಲುಗಾರರ ಬಾಣಲೆ ಖಾಲಿ ಇರುವುದು ಒಳ್ಳೆಯದಲ್ಲ ಎನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಕೊರತೆ ಇದ್ದರೆ ತುಂಬಿಸಬೇಕು. ಮೂಳೆಗೆ, ಸ್ನಾಯುವಿಗೆ ಅದು ಖಂಡಿತ ಬೇಕು. ತುಂಬಿದ ಮೇಲೆ ಇನ್ನಷ್ಟು ಸುರಿದರೆ ಇನ್ನಷ್ಟು ಶಕ್ತಿ ಬರುತ್ತದೆ ಎನ್ನುವುದು ಮಾತ್ರ ಸುಳ್ಳು. ಇಮ್ಯುನಿಟಿ ಬೂಸ್ಟರ್ ಅಂತ ಬರೆದ ಡಬ್ಬಿ ಕೊಳ್ಳುವ ಮೊದಲು ಇದೊಂದನ್ನು ನೆನಪಿಡಿ.

ಎಷ್ಟಿದ್ದರೆ ಸಾಕು, ಹೇಗೆ ತುಂಬಿಸುವುದು

ಒಂದು ಮಿಲಿಲೀಟರ್ ರಕ್ತದ ದ್ರವದಲ್ಲಿ 20 ನ್ಯಾನೋಗ್ರಾಂ ಇದ್ದರೆ ಬಹುತೇಕ ಜನರ ಮೂಳೆಗೆ ಸಾಕು. ಲ್ಯಾಬಿನ ರಿಪೋರ್ಟುಗಳಲ್ಲಿ 30ಕ್ಕಿಂತ ಕಡಿಮೆ ಇದ್ದರೂ ಸಾಲದು ಎಂದು ಅಚ್ಚಾಗಿರುತ್ತದೆ. ಆ 30ರ ಗೆರೆಯನ್ನು 2011ರಲ್ಲಿ ಹಾಕಿದ ಅಮೆರಿಕದ ಹಾರ್ಮೋನ್ ತಜ್ಞರ ಸಂಘ ಎಂಡೋಕ್ರೈನ್ ಸೊಸೈಟಿಯೇ 2024ರಲ್ಲಿ ಅದರಿಂದ ಹಿಂದೆ ಸರಿಯಿತು. ಆರೋಗ್ಯವಾಗಿರುವ ದೊಡ್ಡವರು ಸುಮ್ನೆ ಈ ಪರೀಕ್ಷೆ ಮಾಡಿಸುತ್ತಾ ಹೋಗಬೇಕಿಲ್ಲ ಎಂದೂ ಹೇಳಿತು. ನಿಮ್ಮದು 24 ಬಂದರೆ ಗಾಬರಿ ಬೇಡ. ಅಮ್ಮನ ಹಾಗೆ 9 ಬಂದು ಮೈಕೈ ನೋವೂ ಇದ್ದರೆ ಮಾತು ಬೇರೆ.

ಬಿಸಿಲಿನಿಂದ ತುಂಬಿಸುವುದಾದರೆ ನೆರಳು ಗಿಡ್ಡ ಇರುವ ಹೊತ್ತಿನಲ್ಲಿ, ಮುಖದ ಜೊತೆ ತೋಳು, ಕಾಲಿಗೂ ಬಿಸಿಲು ತಾಗುವಂತೆ, ಹದಿನೈದರಿಂದ ಮೂವತ್ತು ನಿಮಿಷ, ವಾರದಲ್ಲಿ ಕೆಲವು ದಿನ. ಕಪ್ಪು ಮೈ ಇದ್ದರೆ ಇನ್ನೂ ಸ್ವಲ್ಪ ಹೊತ್ತು. ಚರ್ಮ ಉರಿಯುವ ತನಕ ನಿಲ್ಲಬೇಡಿ. ಮಳೆ ಹೊಳವಾಗಿ ಮಧ್ಯಾಹ್ನ ಅರ್ಧ ಗಂಟೆ ಬಿಸಿಲು ಬಿದ್ದರೆ ಎಲ್ಲರೂ ಬಟ್ಟೆ ಒಣಹಾಕಲು ಓಡುತ್ತೇವಲ್ಲ, ಬಟ್ಟೆಯ ಪಕ್ಕದಲ್ಲೇ ನೀವೂ ನಿಂತುಕೊಳ್ಳಿ. ಬಿಸಿಲಿನ ಡಿ ಅತಿಯಾಗುವುದಿಲ್ಲ. ಸಾಕಷ್ಟು ಆದ ಮೇಲೆ ಚರ್ಮವೇ ಹೆಚ್ಚಿನದನ್ನು ಕೆಲಸಕ್ಕೆ ಬಾರದ ವಸ್ತುಗಳಾಗಿ ಬದಲಿಸಿಬಿಡುತ್ತದೆ.

ಊಟದಿಂದ ಸಿಗುವುದು ಕಡಿಮೆ. ದೊಡ್ಡವರಿಗೆ ದಿನಕ್ಕೆ 600 ಐಯು ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2020ರಲ್ಲಿ ಹೇಳಿದೆ. ಒಂದು ಮೊಟ್ಟೆಯ ಹಳದಿಯಲ್ಲಿ ಸುಮಾರು 40 ಐಯು. ಮಂಗಳೂರಿನಿಂದ ಘಾಟಿ ಹತ್ತಿ ಬರುವ ಬೂತಾಯಿ, ಬಂಗುಡೆಯಂಥ ಎಣ್ಣೆಯಂಶದ ಮೀನು ಒಳ್ಳೆಯದು. ಹಾಲು, ಎಣ್ಣೆಯ ಪ್ಯಾಕೆಟ್ ಮೇಲೆ ನೀಲಿ ಬಣ್ಣದ ಪ್ಲಸ್ ಎಫ್ ಗುರುತು ಇದ್ದರೆ ಅದಕ್ಕೆ ಡಿ ಸೇರಿಸಿದ್ದಾರೆ ಎಂದರ್ಥ. ಆದರೆ ಒಂದು ಲೋಟ ಹಾಲಿನಲ್ಲಿ ಸಿಗುವುದು 50 ಐಯು ಆಸುಪಾಸು. ಮನೆಯಲ್ಲಿ ಕರೆದ ಹಾಲಿನಲ್ಲಿ ಅದೂ ಇಲ್ಲ. ಅಣಬೆಯನ್ನು ಹೆಚ್ಚಿ ಮಧ್ಯಾಹ್ನದ ಬಿಸಿಲಿಗೆ ಹರವಿದರೆ ಅದರಲ್ಲೂ ಒಂದು ಬಗೆಯ ಡಿ ಹುಟ್ಟುತ್ತದೆ. ಸಸ್ಯಾಹಾರಿಗಳು ಮಾಡಿ ನೋಡಬಹುದು.

ಎಳೇ ಮಕ್ಕಳ ಲೆಕ್ಕ ಬೇರೆ. ತಾಯಿಯ ಹಾಲಿನಲ್ಲಿ ಡಿ ಬಹಳ ಕಡಿಮೆ. ಎಣ್ಣೆ ನೀರು ಹಾಕಿ ಬೆಳಗಿನ ಬಿಸಿಲಿಗೆ ಹಿಡಿಯುವುದು ಚೆಂದದ ರೂಢಿ, ಅದನ್ನು ಬಿಡಬೇಕಿಲ್ಲ. ಆದರೆ ಅಷ್ಟರಿಂದ ಡಿ ತುಂಬುವುದಿಲ್ಲ, ಹಾಗಂತ ಹಸುಗೂಸನ್ನು ಮಟಮಟ ಮಧ್ಯಾಹ್ನ ಹೊರಗೆ ತರುವುದೂ ಸಲ್ಲ. ಒಂದು ವರ್ಷ ತುಂಬುವ ತನಕ ದಿನಕ್ಕೆ 400 ಐಯು ಹನಿ ಹಾಕಲು ಮಕ್ಕಳ ಡಾಕ್ಟರು ಹೇಳುತ್ತಾರೆ. ದಯವಿಟ್ಟು ತಪ್ಪಿಸಬೇಡಿ. ತೀವ್ರ ಕೊರತೆ ಇರುವ ಮಕ್ಕಳಿಗೆ ಪಕ್ಕೆಲುಬು ಮೆತ್ತಗಾಗಿ ಎದೆಗೆ ಬಲ ಇರುವುದಿಲ್ಲ. ರಿಕೆಟ್ಸ್ ಇರುವ ಮಕ್ಕಳಲ್ಲಿ ನ್ಯುಮೋನಿಯಾ ಜಾಸ್ತಿ ಕಾಣುವುದಕ್ಕೆ ಅದೂ ಒಂದು ಕಾರಣ.

ಕೊನೆಗೆ ಸ್ಯಾಶೆ. ಇದನ್ನು ಬರೆಯಬೇಕು ಅಂತಲೇ ಈ ಲೇಖನ ಶುರು ಮಾಡಿದೆ. ನಮ್ಮಲ್ಲಿ ಕೊರತೆಗೆ ಸಾಮಾನ್ಯವಾಗಿ ಕೊಡುವುದು 60,000 ಐಯು ಇರುವ ಪುಡಿಯ ಪೊಟ್ಟಣ ಅಥವಾ ಕ್ಯಾಪ್ಸೂಲ್. ಅದು ವಾರಕ್ಕೆ ಒಂದು. ಎಂಟು ವಾರ ತೆಗೆದುಕೊಂಡು ಮತ್ತೆ ತೋರಿಸಬೇಕು. ನಮ್ಮ ಊರಿನಲ್ಲೇ ಒಬ್ಬ ಹಿರಿಯರು ಅದನ್ನು ದಿನಕ್ಕೊಂದರಂತೆ ತಿಂಗಳ ಮೇಲೆ ತೆಗೆದುಕೊಂಡರು. ಅಂಗಡಿಯಲ್ಲಿ ಪೊಟ್ಟಣ ಕೊಟ್ಟರು, ವಾರಕ್ಕೊಂದು ಅಂತ ಯಾರೂ ಬಿಡಿಸಿ ಹೇಳಲಿಲ್ಲ. ಮಾತ್ರೆ ಅಂದರೆ ದಿನಾ ತಾನೇ, ಅಂದುಕೊಂಡರು. ಮೊದಲು ಊಟ ಸೇರಲಿಲ್ಲ. ಆಮೇಲೆ ವಾಂತಿ, ಮಲಬದ್ಧತೆ, ಎಷ್ಟು ನೀರು ಕುಡಿದರೂ ದಾಹ. ಮಾತು ತಪ್ಪತೊಡಗಿದಾಗ ಆಸ್ಪತ್ರೆಗೆ ಸೇರಿಸಿದರು. ರಕ್ತದಲ್ಲಿ ಕ್ಯಾಲ್ಸಿಯಂ ವಿಪರೀತ ಏರಿ ಕಿಡ್ನಿಗೆ ಪೆಟ್ಟಾಗಿತ್ತು. ಬದುಕಿ ಬಂದರು, ಆದರೆ ಮೊದಲಿನಂತೆ ಆಗಲಿಲ್ಲ. ಬಿಸಿಲಿಗೆ ಚರ್ಮದಲ್ಲಿ ಇರುವ ಕಡಿವಾಣ ಬಾಯಿಂದ ನುಂಗಿದ ಡಿಗೆ ಇಲ್ಲ. ಅದು ಕೊಬ್ಬಿನಲ್ಲಿ ಕೂತು ವಾರಗಟ್ಟಲೆ ಕಾಡುತ್ತದೆ.

ವರ್ಷಕ್ಕೊಮ್ಮೆ ದೊಡ್ಡ ಡೋಸು ತೆಗೆದುಕೊಂಡು ನಿಶ್ಚಿಂತೆಯಾಗಿರೋಣ ಅನ್ನುವುದೂ ಸರಿಯಲ್ಲ. ಆಸ್ಟ್ರೇಲಿಯಾದಲ್ಲಿ ವಯಸ್ಸಾದ ಹೆಂಗಸರಿಗೆ ವರ್ಷಕ್ಕೆ ಒಂದೇ ಸಲ 5 ಲಕ್ಷ ಐಯು ಕೊಟ್ಟು ನೋಡಿದಾಗ, ಬೀಳುವುದೂ ಮೂಳೆ ಮುರಿಯುವುದೂ ಕಡಿಮೆಯಾಗುವ ಬದಲು ಜಾಸ್ತಿಯಾಯಿತು. 2010ರಲ್ಲಿ ಈ ಫಲಿತಾಂಶ ಬಂದಿದೆ. ಕಿಡ್ನಿ ತೊಂದರೆ, ಕಿಡ್ನಿಯಲ್ಲಿ ಕಲ್ಲು, ಸಾರ್ಕಾಯ್ಡೋಸಿಸ್ (ಅಂಗಗಳಲ್ಲಿ ಉರಿಯೂತದ ಸಣ್ಣ ಗಂಟುಗಳಾಗುವ ಕಾಯಿಲೆ) ಇರುವವರು, ಬಸುರಿಯರು ಡಾಕ್ಟರನ್ನು ಕೇಳದೆ ಈ ಪೊಟ್ಟಣ ಮುಟ್ಟಲೇಬಾರದು.

ಅಮ್ಮನಿಗೆ ನಾನು ಮಾಡಿಕೊಟ್ಟದ್ದು ಸಣ್ಣ ವ್ಯವಸ್ಥೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಎಂಟು ಭಾನುವಾರಗಳಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದೆ. ಒಂದೊಂದು ಸುತ್ತಿನ ಮೇಲೂ ಒಂದೊಂದು ಪೊಟ್ಟಣ ಅಂಟಿಸಿದೆ. ಡಿ ಕೊಬ್ಬಿನಲ್ಲಿ ಕರಗುವುದರಿಂದ ತುಪ್ಪ ಹಾಕಿದ ಊಟ ಆದ ಮೇಲೆ ತಗೋ ಅಂದೆ. ಎಂಟನೇ ಪೊಟ್ಟಣ ಕಿತ್ತ ಹೊತ್ತಿಗೆ ಕಾಫಿ ಹಣ್ಣಾಗಿತ್ತು. ಮುಂದಿನ ರಿಪೋರ್ಟಿನಲ್ಲಿ 31 ಬಂತು. ತೊಡೆ ನೋವು ಬಹಳ ಮಟ್ಟಿಗೆ ಇಳಿಯಿತು. ನೆಗಡಿ ಆ ಚಳಿಗಾಲದಲ್ಲಿ ಒಂದು ಸಲ ಬಂತು. ಈಗ ಕೊಯ್ಲಿನ ಕಾಲದಲ್ಲಿ ಕಣದಲ್ಲಿ ಕಾಫಿ ಕೈಯಾಡಿಸುವ ಕೆಲಸವನ್ನು ಅಮ್ಮ ಮಧ್ಯಾಹ್ನ ಹನ್ನೆರಡಕ್ಕೆ ಇಟ್ಟುಕೊಂಡಿದ್ದಾಳೆ. ತಲೆಗೆ ಬಟ್ಟೆ ಇರುತ್ತದೆ. ಅಂಗಿಯ ತೋಳು ಮಾತ್ರ ಮೊಣಕೈ ಮೇಲಕ್ಕೆ ಮಡಚಿರುತ್ತದೆ.